ಸೈಪ್ರಸ್ ತೋಪಿನಲ್ಲಿ ಎಂಟು ವರಸೆ

ಬೀಜಿಂಗಿನ ತಿಯಾನ್‌ತಾನ್ ಉದ್ಯಾನದ ಬಾಗಿಲು ತೆರೆಯುವಷ್ಟರಲ್ಲಿ ಸುತ್ತಲಿನ ಬಡಾವಣೆಗಳ ಹಿರಿಯರು ಹೊರಗೆ ನೆರೆದಿರುತ್ತಾರೆ. ಕೈಯಲ್ಲಿ ಚಹಾದ ಫ್ಲಾಸ್ಕು, ಕಾಲಲ್ಲಿ ತೆಳು ಅಟ್ಟೆಯ ಬಟ್ಟೆ ಷೂ. ಒಳ್ಳೆಯ ಬೆಳೆ ಕೊಡೆಂದು ಆಕಾಶವನ್ನು ಬೇಡಿಕೊಳ್ಳಲು ಚಕ್ರವರ್ತಿಗಳು ಬರುತ್ತಿದ್ದ ದೇಗುಲವಿದು, 1420ರಲ್ಲಿ ಕಟ್ಟಿದ್ದು. 1918ರಲ್ಲಿ ಉದ್ಯಾನವಾಗಿ ಜನರಿಗೆ ತೆರೆದುಕೊಂಡಿತು. ಮೂರಂತಸ್ತಿನ ನೀಲಿ ಹೆಂಚಿನ ಮಾಡಿಗೆ ಬಿಸಿಲು ತಾಗುವ ಮೊದಲೇ ಹಳೆಯ ಸೈಪ್ರಸ್ ಮರಗಳ ಕೆಳಗೆ ಗುಂಪುಗಳು ಕಟ್ಟುತ್ತವೆ. ಒಂದು ಕಡೆ ಗರಿ ಕಟ್ಟಿದ ಬಿಲ್ಲೆಯನ್ನು ಕಾಲಲ್ಲೇ ಚಿಮ್ಮಿಸುವ ಆಟ. ಇನ್ನೊಂದು ಕಡೆ ಮಾರುದ್ದದ ಕುಂಚವನ್ನು ನೀರಿಗದ್ದಿ ಕಲ್ಲುಹಾಸಿನ ಮೇಲೆ ಅಕ್ಷರ ಬರೆಯುವವರು. ಈ ಗದ್ದಲದ ನಡುವೆ ಒಂದು ಪುಟ್ಟ ಸ್ಪೀಕರಿನಿಂದ ಕೊಳಲಿನ ನಾದ ಹೊಮ್ಮುತ್ತದೆ. ಎಂಟು ವರಸೆಗಳ ‘ಬಾದುವಾನ್‌ಜಿನ್’ ವ್ಯಾಯಾಮ ಶುರುವಾಯಿತು.

ಪಾದಗಳು ಭುಜದಗಲಕ್ಕೆ ಸರಿಯುತ್ತವೆ. ಹೊಟ್ಟೆಯ ಮುಂದೆ ಹೆಣೆದ ಬೆರಳುಗಳು ಎದೆಯವರೆಗೆ ಏರಿ, ಅಲ್ಲಿ ಅಂಗೈ ತಿರುಗಿಸಿಕೊಂಡು ಆಕಾಶವನ್ನು ಎತ್ತಿ ಹಿಡಿಯುತ್ತವೆ. ಏರುವಾಗ ಉಸಿರು ಒಳಗೆ, ತೋಳುಗಳು ಇಕ್ಕೆಲಗಳಲ್ಲಿ ಇಳಿಯುವಾಗ ಹೊರಗೆ. ಹೊಸಬರಿಗೆ ಉಸಿರಿನ ಲೆಕ್ಕ ಹೇಳಿಕೊಡುವುದಿಲ್ಲ. ಸಹಜವಾಗಿ ಆಡಲಿ, ಮೈ ಕಲಿತ ಮೇಲೆ ತಾನೇ ಜೊತೆಗೂಡುತ್ತದೆ ಎನ್ನುತ್ತಾರೆ. ಇದು ನನಗೆ ಬಹಳ ವಿವೇಕದ ಮಾತಾಗಿ ಕಾಣುತ್ತದೆ. ಬಲವಂತದಿಂದ ಎಳೆದ ಉಸಿರು ಭುಜವನ್ನೂ ಬಿಗಿಯುತ್ತದೆ, ಮನಸ್ಸನ್ನೂ ಬಿಗಿಯುತ್ತದೆ.

ಎರಡನೆಯದು ಬಿಲ್ಲಿನ ಹೆದೆ ಸೆಳೆಯುವ ವರಸೆ. ಕುದುರೆಯ ಮೇಲೆ ಕೂತವರಂತೆ ಮೊಣಕಾಲು ಮಡಿಸಿ, ಒಂದು ಕೈ ಚಾಚಿ, ಇನ್ನೊಂದು ಕೈಯಿಂದ ಕಾಣದ ಹೆದೆಯನ್ನು ಎದೆಯವರೆಗೆ ಎಳೆಯಬೇಕು. ದೂರದಿಂದ ನೋಡಿದರೆ ಏನೂ ಶ್ರಮವಿಲ್ಲದ ಆಟ. ಹತ್ತಿರ ಹೋದರೆ ಎಪ್ಪತ್ತು ದಾಟಿದ ಅಜ್ಜಿಯ ತೊಡೆ ಸಣ್ಣಗೆ ನಡುಗುವುದು ಕಾಣುತ್ತದೆ. ಬೇಗ ಬೇಗ ಮಾಡಿದರೆ ಕೊರತೆಯನ್ನು ವೇಗವೇ ಮುಚ್ಚಿಬಿಡುತ್ತದೆ. ಇಲ್ಲಿ ಕೈ ಒಂದು ಗೇಣು ಸರಿಯಲು ಇಡೀ ಒಂದು ಉಸಿರು ಬೇಕು; ಯಾವ ಕೀಲು ಹಿಡಿದಿದೆ, ಭಾರ ಯಾವ ಕಾಲಿಗೆ ವಾಲಿದೆ ಎಂಬುದೆಲ್ಲ ಮಾಡುವವರಿಗೇ ತಿಳಿಯುತ್ತ ಹೋಗುತ್ತದೆ. ಈ ಸಾಧನೆಯ ತಿರುಳೇ ಈ ನಿಧಾನ.

ಮೈಯನ್ನು ಹೀಗೆ ಹಿಗ್ಗಿಸಿ ಉಸಿರಿಗೆ ಜೋಡಿಸುವ ರೂಢಿ ಚೀನಾದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಚಾಂಗ್‌ಶಾ ನಗರದ ಬಳಿಯ ಮಾವಾಂಗ್‌ದುಯಿ ಸಮಾಧಿ ಸಾಕ್ಷಿ. ಕ್ರಿ.ಪೂ. 168ರಲ್ಲಿ ಮುಚ್ಚಿದ ಆ ಗೋರಿಯನ್ನು 1973ರಲ್ಲಿ ಅಗೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರವೊಂದು ಸಿಕ್ಕಿತು. ಅದರಲ್ಲಿ 44 ಮಂದಿ: ಗಂಡಸರು, ಹೆಂಗಸರು, ಬಾಗಿದವರು, ತೋಳು ಚಾಚಿದವರು, ಕರಡಿಯನ್ನೂ ಹಕ್ಕಿಯನ್ನೂ ಅನುಕರಿಸುವವರು. ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿಗಳ ಐದು ಆಟಗಳನ್ನು ರೂಪಿಸಿದ ಕೀರ್ತಿ ವೈದ್ಯ ಹುವಾ ತುವೊನದು. ಬಾದುವಾನ್‌ಜಿನ್ ಎಂಬ ಹೆಸರು ಸೊಂಗ್ ರಾಜವಂಶದ ಕಾಲದ ಬರಹಗಳಲ್ಲಿ ಬರುತ್ತದೆ. ಇವತ್ತು ಉದ್ಯಾನಗಳಲ್ಲಿ ಹೆಚ್ಚಾಗಿ ಕಾಣುವುದು 2003ರಲ್ಲಿ ಚೀನಾ ಸರ್ಕಾರ ಒಪ್ಪವಿಟ್ಟ ಪಾಠ, ಸುಮಾರು ಹನ್ನೆರಡು ನಿಮಿಷದ್ದು.

ತೋಪಿನಲ್ಲಿ ವರಸೆಗಳು ಮುಂದುವರಿಯುತ್ತವೆ: ಒಂದು ಅಂಗೈ ಮೇಲಕ್ಕೆ, ಒಂದು ಕೆಳಕ್ಕೆ, ಕತ್ತು ತಿರುಗಿಸಿ ಹಿಂದೆ ನೋಡುವುದು, ಸೊಂಟ ತೂಗುವುದು, ಬೆನ್ನಿನಿಂದ ಕಾಲಗುಂಟ ಕೈ ಜಾರಿಸಿ ಪಾದ ಮುಟ್ಟುವುದು. ಹೀಗೆ ಆರು ಮುಗಿದ ಮೇಲೆ ಏಳನೆಯದರಲ್ಲಿ ಗುಂಪಿನ ಮುಖವೇ ಬದಲಾಗುತ್ತದೆ. ಹೆಬ್ಬೆರಳನ್ನು ಒಳಗಿಟ್ಟು ಬಿಗಿದ ಮುಷ್ಟಿ ಮೆಲ್ಲಗೆ ಮುಂದೆ ಸಾಗುತ್ತದೆ, ಕಣ್ಣುಗಳು ಅರಳಿ ಕೆರಳುತ್ತವೆ. ಈಗಷ್ಟೇ ಮೊಮ್ಮಗನ ಶಾಲೆಯ ಮಾತಾಡುತ್ತಿದ್ದ ಅಜ್ಜ ಕಾಳಗಕ್ಕೆ ನಿಂತ ಭಟನಾಗುತ್ತಾನೆ. ಅಷ್ಟು ಉಗ್ರ ನೋಟದಲ್ಲೂ ಭುಜ ಮಾತ್ರ ಸಡಿಲ. ನೋಡಲು ನನಗೆ ಎಲ್ಲಕ್ಕಿಂತ ಇಷ್ಟವಾದ ವರಸೆ ಇದೇ.

ಕೊನೆಯದು ತೀರ ಸರಳ. ತುದಿಗಾಲಲ್ಲಿ ಎದ್ದು ಹಿಮ್ಮಡಿಯನ್ನು ನೆಲಕ್ಕೆ ಬಿಡುವುದು, ಏಳು ಸಲ. ಅದರ ಕಂಪನ ಬೆನ್ನುಮೂಳೆಯವರೆಗೆ ಏರುತ್ತದೆ. ಸ್ಪೀಕರಿನಲ್ಲಿ ಸಂಗೀತ ಬದಲಾಗುತ್ತದೆ. 1956ರಲ್ಲಿ ಸರಳಗೊಳಿಸಿದ ಇಪ್ಪತ್ತನಾಲ್ಕು ಭಂಗಿಗಳ ತೈಚಿಗೆ ಹೊಸ ಸಾಲು ಕಟ್ಟುತ್ತಿದೆ. ಕೆಲವರು ಅದಕ್ಕೂ ನಿಲ್ಲುತ್ತಾರೆ. ಉಳಿದವರು ಕೋಟು ತೊಟ್ಟು, ಇವತ್ತು ಸೊಪ್ಪು ಯಾವ ಅಂಗಡಿಯಲ್ಲಿ ಅಗ್ಗ ಎಂದು ಚರ್ಚಿಸುತ್ತ ಪೂರ್ವದ ಬಾಗಿಲತ್ತ ಹೊರಡುತ್ತಾರೆ.