ಹೊಟ್ಟೆನೋವು ಮಗನಿಗೆ, ಫೋನ್ ಅಮ್ಮನಿಗೆ

ಅಳದಂಗಡಿಯ ಓದುಗರೊಬ್ಬರು ಕೇಳಿದ್ದಾರೆ: ನಾಲ್ಕನೇ ತರಗತಿಯ ಮಗನಿಗೆ ಶಾಲೆಯ ದಿನ ಬೆಳಿಗ್ಗೆಯೇ ಹೊಟ್ಟೆನೋವು. ವ್ಯಾನ್ ಹೋದ ಸ್ವಲ್ಪ ಹೊತ್ತಿಗೆ ನೋವು ಮಾಯ. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ, ನೂಲು ಕಟ್ಟಿಸಿದ್ದೂ ಆಯಿತು. ಗಂಡ ದುಬೈಯಲ್ಲಿ, ಅವರದು ವಾಟ್ಸಾಪಿನಲ್ಲಿ ಗದರಿಕೆ, ಮನೆಯಲ್ಲಿ ಅತ್ತೆಯದು ಮುದ್ದು. ಆನ್‌ಲೈನ್ ಕೌನ್ಸೆಲಿಂಗ್ ಮಾಡಿಸೋಣವೆಂದರೆ ಮಗ ಮೊಬೈಲ್ ಮುಂದೆ ಬಾಯಿಯೇ ಬಿಡುವುದಿಲ್ಲ. ಅವನು ಮಾತಾಡದಿದ್ದರೆ ದುಡ್ಡು ದಂಡವಲ್ಲವೇ?

ಅವನು ಮಾತಾಡಲೇಬೇಕೆಂದಿಲ್ಲ. ನೀವು ಮಾತಾಡಿದರೆ ಸಾಕಾಗಬಹುದು. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಪರೀಕ್ಷಿಸಿ ನೋಡಿದ ಸಂಗತಿ. ಅದಕ್ಕೆ ಮೊದಲು ಒಂದು ಮೊಲದ ಕಥೆ ಹೇಳಬೇಕು.

1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ, ಮೊಲ ಕಂಡರೆ ಕಿರುಚಾಟ. ಜೋನ್ಸ್ ಅವನನ್ನು ಮೊಲದಿಂದ ಕಾಪಾಡಲೂ ಇಲ್ಲ, ಮೊಲವನ್ನು ಅವನ ಮಡಿಲಿಗೆ ಎಸೆಯಲೂ ಇಲ್ಲ. ಅವನು ಇಷ್ಟದ ತಿಂಡಿ ತಿನ್ನುತ್ತಿದ್ದಾಗ ಪಂಜರದ ಮೊಲವನ್ನು ಕೋಣೆಯ ದೂರದ ಮೂಲೆಯಲ್ಲಿಟ್ಟರು. ಅಷ್ಟು ದೂರ ಸಹಿಸಿಕೊಂಡ ಮೇಲೆ ಇನ್ನಷ್ಟು ಹತ್ತಿರ ತಂದರು. ಅವಸರವಿಲ್ಲ, ಹುಡುಗ ಕಾಯಿಲೆಬಿದ್ದು ಹಿಂದೆ ಸರಿದಾಗ ಮತ್ತೆ ಆರಂಭದಿಂದ. ಕೊನೆಗೆ ಪೀಟರ್ ತನ್ನ ಬೆರಳು ಕಚ್ಚಲು ಮೊಲಕ್ಕೆ ಬಿಟ್ಟುಕೊಟ್ಟ. ಭಯದ ಚಿಕಿತ್ಸೆಯಲ್ಲಿ ಇವತ್ತಿಗೂ ಇದಕ್ಕಿಂತ ದೊಡ್ಡ ಉಪಾಯ ಬಂದಿಲ್ಲವೆಂದೇ ನನ್ನ ಎಣಿಕೆ. ಆದರೂ ಜೋನ್ಸ್ ಅವರ ಕೆಲಸವನ್ನು ಲೋಕ ದಶಕಗಳ ಕಾಲ ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು.

ಭಯ ಯಾಕೆ ತಾನಾಗಿ ಇಳಿಯುವುದಿಲ್ಲ? ತಪ್ಪಿಸಿಕೊಂಡಾಗ ಸಿಗುವ ನಿರಾಳತೆಯೇ ಅದಕ್ಕೆ ಮೇವು. 'ಇವತ್ತು ಬೇಡ, ಮಲಗು' ಎಂದ ಕ್ಷಣ ಹುಡುಗನ ಹೊಟ್ಟೆಯ ಬಿಗಿ ಸಡಿಲವಾಗುತ್ತದೆ. ಶಾಲೆಗೆ ಹೋಗದ್ದರಿಂದಲೇ ಬಚಾವಾದೆ ಎಂದು ಮೆದುಳು ಕಲಿಯುತ್ತದೆ. ಹೊಟ್ಟೆನೋವು ನಾಟಕವಲ್ಲ, ಆತಂಕದಲ್ಲಿ ಕರುಳು ನಿಜಕ್ಕೂ ಹಿಂಡುತ್ತದೆ. ಆದರೆ ಅಮ್ಮನಿಗೂ ಆ ಕ್ಷಣ ನಿರಾಳವಾಗುತ್ತದೆ, ಬೆಳಗಿನ ರಂಪ ನಿಲ್ಲುತ್ತದೆ. ಹೀಗೆ ಒಂದೇ ಪಾಠವನ್ನು ಇಬ್ಬರೂ ಕಲಿಯುತ್ತಾರೆ. ಅಂದಮೇಲೆ ಪಾಠ ಬದಲಿಸುವುದನ್ನು ಅಮ್ಮನಿಂದ ಶುರುಮಾಡಿದರೆ ಹೇಗೆ?

ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಆತಂಕದ ತೊಂದರೆಯಿದ್ದ, 7ರಿಂದ 14 ವರ್ಷದ 124 ಮಕ್ಕಳನ್ನು ಲಾಟರಿಯಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳಿಗೆ ರೂಢಿಯ ಚಿಕಿತ್ಸೆ. ಇನ್ನೊಂದರಲ್ಲಿ ಚಿಕಿತ್ಸಕರು ಭೇಟಿಯಾದದ್ದು ಹೆತ್ತವರನ್ನು ಮಾತ್ರ, 12 ಸಲ. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೆತ್ತವರ ಮೂಲಕ ನಡೆದ ಚಿಕಿತ್ಸೆ ಮಕ್ಕಳಿಗೇ ಕೊಟ್ಟದ್ದಕ್ಕಿಂತ ಕಡಿಮೆಯೇನಾಗಲಿಲ್ಲ. ಆ ಭೇಟಿಗಳು ಮುಖಾಮುಖಿ ನಡೆದವು, ನಿಜ. ಆದರೆ ಹೆತ್ತವರು ಕಲಿಯಬೇಕಾದ್ದು ಫೋನಿನಲ್ಲಿ ಹೇಳಿಕೊಡಲಾಗದ ವಿದ್ಯೆಯಲ್ಲ. 'ನಿನಗೆ ಹೆದರಿಕೆಯಾಗುತ್ತಿದೆ, ಗೊತ್ತು. ಆದರೂ ನಿನ್ನಿಂದಾಗುತ್ತದೆ' ಎನ್ನಬೇಕು. ಇನ್ನು ಮುಂದೆ ಯಾವುದಕ್ಕೆ ರಿಯಾಯಿತಿ ಇಲ್ಲವೆಂದು ಮೊದಲೇ ತಿಳಿಸಬೇಕು. ಆಮೇಲೆ ಪೀಟರನ ಮೊಲದ ಹಾಗೆ: ಮೊದಲು ಯೂನಿಫಾರ್ಮ್ ಹಾಕುವುದು, ಮತ್ತೆ ಶಾಲೆಯ ಗೇಟು, ಒಂದು ಪೀರಿಯಡ್, ಅರ್ಧ ದಿನ. ಮೊದಮೊದಲು ಅಳು ಜೋರಾಗುತ್ತದೆ. ಅಲ್ಲಿ ಸೋತರೆ ಜೋರಾಗಿ ಅತ್ತರೆ ಕೆಲಸವಾಗುತ್ತದೆಂಬ ಹೊಸ ಪಾಠವಾದೀತು. ಅತ್ತೆಯವರನ್ನೂ ಒಪ್ಪಿಸಲೇಬೇಕು.

ಮನೆಯವರನ್ನೂ ಸೇರಿಸಿಕೊಂಡು ನೋಡುವುದು ನಮ್ಮ ಕರಾವಳಿಗೆ ಹೊಸತೇನಲ್ಲ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಕೋಟದಲ್ಲಿ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಬರೆದಾಗ ವೈದ್ಯ, ಮಂತ್ರವಾದಿ, ಮೈಮೇಲೆ ದರ್ಶನ ಬರುವ ಪಾತ್ರಿಗಳ ಬಗ್ಗೆಯೂ ಗಂಭೀರವಾಗಿ ಬರೆದಿದ್ದರು. ಪಾತ್ರಿಯ ದರ್ಶನದ ಎದುರು ಮಗುವೊಂದನ್ನೇ ಯಾರೂ ನಿಲ್ಲಿಸುವುದಿಲ್ಲ, ಮನೆಯವರೂ ಜೊತೆಗಿರುತ್ತಾರೆ. ಆನ್‌ಲೈನ್‌ನಲ್ಲಿ ದುಬೈಯಲ್ಲಿರುವ ಅಪ್ಪನೂ ಅದೇ ಕರೆಗೆ ಸೇರಬಹುದು. ಗುರುವಾಯನಕೆರೆಯಿಂದ ಬಸ್ಸು ಹಿಡಿದು ಮಂಗಳೂರಿನ ಕ್ಲಿನಿಕ್ಕಿಗೆ ಹೋದರೆ ಅವರನ್ನು ಎಲ್ಲಿಂದ ತರುತ್ತೀರಿ?

ಹಾಗೆಂದು ಏಳು ದಿನದಲ್ಲಿ ಆತಂಕ ಮಾಯ ಎನ್ನುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮಾನಸ್ ಇದೆ. ನಂಬರ್ 14416, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದರ ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದು. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ. ಖಾಸಗಿಯವರ ಬಳಿ ಹೋಗುವುದಾದರೆ ಓದು, ತರಬೇತಿ ವಿಚಾರಿಸಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಇದರಲ್ಲಿ ಸಂಕೋಚ ಬೇಡ.

ಇದಕ್ಕೆಲ್ಲ ಮೊದಲು ಶಾಲೆಯಲ್ಲಿ ಯಾರಾದರೂ ಹೊಡೆಯುತ್ತಾರೋ, ಪೀಡಿಸುತ್ತಾರೋ ವಿಚಾರಿಸಿ. ಹಾಗಿದ್ದರೆ ಸರಿಯಾಗಬೇಕಾದ್ದು ಹುಡುಗನ ಭಯವಲ್ಲ, ಶಾಲೆ. ಸಾಯುವ ಮಾತು ಬಂದರೆ, ಊಟ ನಿದ್ದೆ ಬಿಟ್ಟರೆ ಫೋನಿನಲ್ಲೇ ದಿನ ಕಳೆಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.