ಗೋಡೆ ಪತ್ರಿಕೆಗೆ ಯಾವುದು ಬೇಕು, ಯಾವುದು ಬೇಡ?

ಗೆಳೆಯರೇ, ಡ್ರಾಯಿಂಗ್ ಹಾಳೆ, ಗೋಂದು, ಒಳ್ಳೆ ಅಕ್ಷರದವರೊಬ್ಬರು ಇದ್ದರೆ ಪತ್ರಿಕೆ ಆಯಿತು ಎಂದು ಕೆಲವರು ತಿಳಿದಿದ್ದಾರೆ. (ಮಳೆಗಾಲದಲ್ಲಿ ಅದೂ ಸುಲಭವಲ್ಲ, ನಮ್ಮ ಕರಾವಳಿಯ ಥಂಡಿಗೆ ಹಾಳೆ ಜೋತು ಬೀಳುತ್ತದೆ.) ನಿಜವಾದ ಕಷ್ಟ ಇರುವುದು ಬಂದ ಬರಹಗಳನ್ನು ಆರಿಸುವುದರಲ್ಲಿ.

ನಮಗೆ ಹೆಚ್ಚು ಬರುವುದು ಚುಟುಕಗಳು. ಬರದೆ ಏನು? ಚುಟುಕಕ್ಕೆ ಹೆಸರಾದ ದಿನಕರ ದೇಸಾಯಿಯವರು (1909–1982) ನಮ್ಮ ಅಂಕೋಲೆಯವರೇ. ಅವರು ತಮ್ಮ 'ಜನಸೇವಕ' ವಾರಪತ್ರಿಕೆಯಲ್ಲಿ ನಾಲ್ಕೇ ಸಾಲಿನಲ್ಲಿ ಅಧಿಕಾರದಲ್ಲಿದ್ದವರನ್ನು ಚುಚ್ಚಿದರು. ನಮ್ಮವರು ಚುಚ್ಚುವುದು ಪಕ್ಕದ ಬೆಂಚಿನವನನ್ನು! ಅವನ ಬಣ್ಣ, ಅವನ ಮನೆಮಾತು, ಅವನ ಅಪ್ಪನ ಕಸುಬು. ಮೊನ್ನೆ ಅಂಥದ್ದೊಂದು ಹೆಸರಿಲ್ಲದೆ ಪೆಟ್ಟಿಗೆಗೆ ಬಂತು. ಪ್ರಾಸವೇನೋ ಚೆಂದ ಇತ್ತು. ಆದರೂ ಹಾಕಲಿಲ್ಲ. ಬಾಯಲ್ಲಿ ಆಡಿದ್ದು ಸಂಜೆಗೆ ಮರೆತು ಹೋಗಬಹುದು. ಗೋಡೆಯ ಮೇಲಿನದ್ದು ತಿಂಗಳಿಡೀ ಇರುತ್ತದೆ, ಆ ಹುಡುಗ ದಿನಾ ಅದರ ಮುಂದೇ ಹಾದು ಹೋಗಬೇಕು. ಅವನು ಮತ್ತೆ ಬರೆಯುವುದು ಹಾಗಿರಲಿ, ಶಾಲೆಗಾದರೂ ಬರುತ್ತಾನೋ ಇಲ್ಲವೋ.

ಆದ್ದರಿಂದ ಹೆಸರು, ತರಗತಿ ಇಲ್ಲದ್ದನ್ನು ಹಾಕುವುದಿಲ್ಲ. ಬೇಡವಾದದ್ದು ಯಾಕೆ ಬೇಡ ಎಂದು ಬರೆದವರಿಗೇ ಹೇಳುತ್ತೇವೆ, ಎಲ್ಲರೆದುರು ಅಲ್ಲ. ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳುತ್ತೇವೆ, ಅದಕ್ಕೆ ಹೆದರಬೇಡಿ. ಕೊಂಕಣಿಯ ಶಬ್ದ, ಹಾಲಕ್ಕಿಗಳ ಮಾತು ಬರಹದಲ್ಲಿ ಬಂದರೆ ಅದು ತಪ್ಪಲ್ಲ, ಹಾಗೆಯೇ ಇಡುತ್ತೇವೆ. ಒಬ್ಬರು ಬರೆದದ್ದು ನಿಮಗೆ ಒಪ್ಪಿಗೆ ಆಗದಿದ್ದರೆ ಅದರ ಮೇಲೆ ಪೆನ್ನಿನಿಂದ ಗೀಚಬೇಡಿ. ಉತ್ತರ ಬರೆದು ಕೊಡಿ, ಪಕ್ಕದಲ್ಲೇ ಅಂಟಿಸುತ್ತೇವೆ.

ಮಾಸ್ತರರ, ಅಕ್ಕೋರ ಮೇಲೆ ಚುಟುಕ ಬರೆಯಬಹುದೇ ಎಂದು ಕೆಲವರು ಕೇಳಿದ್ದೀರಿ. ನಳದಲ್ಲಿ ನೀರಿಲ್ಲ, ಬಿಸಿಯೂಟದ ಸಾರು ನೀರಾಗಿದೆ ಎಂದು ಧೈರ್ಯವಾಗಿ ಬರೆಯಿರಿ. ಅವರ ನಡಿಗೆಯ ಅಣಕ ಮಾತ್ರ ಬೇಡ.

ಮುಂದಿನ ಸಂಚಿಕೆಗೆ ಬರಹಗಳನ್ನು ಶನಿವಾರದೊಳಗೆ ಪೆಟ್ಟಿಗೆಗೆ ಹಾಕಿ.