ಹಿಟ್ಟಿನ ಋಣದ ಹೆಸರು

ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್. ಸುಣ್ಣಕಲ್ಲಿನ ದಿಬ್ಬಗಳ ನಡುವೆ ಇಚೆನ್ ನದಿ ತಿಳಿನೀರಾಗಿ ಹರಿಯುತ್ತದೆ. ಅದರ ಉಗಮದ ಸನಿಹದಲ್ಲೇ ಒಂದು ಪುಟ್ಟ ಊರು: ಹುಲ್ಲು ಹೊದೆಸಿದ ಮನೆಗಳು, ಗುಡ್ಡದ ಮೇಲೆ ಹಳೆಯ ಚರ್ಚು, ಕೆಳಗೆ ಹಸಿರು ಬಯಲು. ಊರಿನ ಹೆಸರು ಟಿಚ್‌ಬೋರ್ನ್, ಅಂದರೆ ಮೇಕೆಮರಿಗಳ ತೊರೆ. ಇಲ್ಲಿನ ಒಡೆಯರು ಊರ ಹೆಸರನ್ನೇ ಮನೆತನಕ್ಕೂ ಇಟ್ಟುಕೊಂಡರು. ಇಂಗ್ಲೆಂಡಿನಲ್ಲಿ ಇಂದು ಅಪರೂಪವಾಗಿರುವ ಈ ಹೆಸರಿನ ಬೇರು ಇಲ್ಲಿದೆ.

ಚರ್ಚು ಆಂಗ್ಲಿಕನ್ನರದು; ಅದರೊಳಗೇ ಸರಳುಗಳಾಚೆ ಕ್ಯಾಥೊಲಿಕ್ ಟಿಚ್‌ಬೋರ್ನರ ಸಮಾಧಿಗಳು. ದೇಶದ ಧರ್ಮ ಬದಲಾದರೂ ಈ ಮನೆತನ ಹಳೆಯ ನಂಬಿಕೆ ಬಿಡಲಿಲ್ಲ. ಇದೇ ಹೆಸರಿನ ತರುಣ ಕವಿ ಚಿಡಿಯಾಕ್, ರಾಣಿ ಮೊದಲನೇ ಎಲಿಜಬೆತ್ ವಿರುದ್ಧದ ಸಂಚಿನಲ್ಲಿ ಸೇರಿ 1586ರಲ್ಲಿ ಮರಣದಂಡನೆಗೆ ಗುರಿಯಾದ.

ಊರವರು ಹೇಳುವ ಕಥೆ 12ನೇ ಶತಮಾನದ್ದು. ಸಾವಿನಂಚಿನಲ್ಲಿದ್ದ ಈ ಮನೆತನದ ಒಡತಿ ಮೇಬೆಲ್ಲಾ ಬಡವರಿಗೆ ವರ್ಷವರ್ಷವೂ ದಾನ ಕೊಡಬೇಕೆಂದು ಗಂಡನನ್ನು ಬೇಡಿದಳು. ಉರಿಯುವ ಕೊಳ್ಳಿ ಹಿಡಿದು, ಅದು ಆರುವ ಮುನ್ನ ನೀನು ಸುತ್ತಿದಷ್ಟು ನೆಲದ ಬೆಳೆ ಬಡವರಿಗೆ ಎಂದನಾತ. ಎದ್ದು ನಿಲ್ಲಲಾರದ ಆಕೆ ತೆವಳುತ್ತಲೇ 23 ಎಕರೆ ಸುತ್ತಿದಳಂತೆ. ಆ ಹೊಲಕ್ಕೆ ಇಂದಿಗೂ ‘ಕ್ರಾಲ್ಸ್’, ಅಂದರೆ ತೆವಳಿದ್ದು, ಎಂದೇ ಹೆಸರು. ದಾನ ನಿಂತರೆ ಏಳು ಗಂಡುಮಕ್ಕಳ ತಲೆಮಾರಿನ ಹಿಂದೆಯೇ ಏಳು ಹೆಣ್ಣುಮಕ್ಕಳ ತಲೆಮಾರು ಬಂದು ಹೆಸರು ಅಳಿಯಲಿ ಎಂದು ಶಾಪವಿಟ್ಟು ಕಣ್ಣು ಮುಚ್ಚಿದಳು.

18ನೇ ಶತಮಾನದ ಕೊನೆಗೆ, ದಾನದ ನೆಪದಲ್ಲಿ ಕಳ್ಳಕಾಕರು ಮುತ್ತುತ್ತಾರೆಂದು ಅದನ್ನು ನಿಲ್ಲಿಸಲಾಯಿತು. ಆಗಿನ ಒಡೆಯನ ಏಳು ಗಂಡುಮಕ್ಕಳ ಪೈಕಿ ಹಿರಿಯವನಾದ ಹೆನ್ರಿಗೆ ಹುಟ್ಟಿದ್ದು ಏಳೂ ಹೆಣ್ಣೇ. ಆತನ ತಮ್ಮ ಎಡ್ವರ್ಡ್ ಆಸ್ತಿಯೊಂದರ ಷರತ್ತಿಗಾಗಿ ಡೌಟಿ ಎಂದು ಹೆಸರನ್ನೇ ಬದಲಿಸಿಕೊಂಡ. ಬೆದರಿದ ಮನೆತನ ದಾನವನ್ನು ಮತ್ತೆ ಆರಂಭಿಸಿತು.

ಆಮೇಲಿನದು ಜಗತ್ತೇ ಓದಿದ ಸುದ್ದಿ. 1854ರಲ್ಲಿ ವಾರಸುದಾರ ರೋಜರ್ ಹಡಗಿನೊಂದಿಗೆ ಸಮುದ್ರದಲ್ಲಿ ಕಣ್ಮರೆಯಾದ. ಆಸ್ಟ್ರೇಲಿಯಾದ ವಾಗಾ ವಾಗಾದ ಕಟುಕನೊಬ್ಬ ನಾನೇ ರೋಜರ್ ಎಂದು ಬಂದ. ಮಗನ ದಾರಿ ಕಾಯುತ್ತಿದ್ದ ತಾಯಿ ನಂಬಿಬಿಟ್ಟಳು. ನ್ಯಾಯಾಲಯ ನಂಬಲಿಲ್ಲ. ಅವನು ಲಂಡನ್ನಿನ ಆರ್ಥರ್ ಆರ್ಟನ್ ಎಂದು ತೀರ್ಮಾನಿಸಿ, 1874ರಲ್ಲಿ 14 ವರ್ಷಗಳ ಶಿಕ್ಷೆ ಕೊಟ್ಟಿತು.

ಮನೆತನಕ್ಕೆ 1621ರಲ್ಲಿ ದೊರೆತಿದ್ದ ಬ್ಯಾರೊನೆಟ್ ಪದವಿ, ಗಂಡು ವಾರಸುದಾರರಿಲ್ಲದೆ 1968ರಲ್ಲಿ ಕೊನೆಗೊಂಡಿತು. ಆದರೂ ಪ್ರತಿ ಮಾರ್ಚ್ 25ರಂದು ಪಾದ್ರಿ ದಾನದ ಹಿಟ್ಟಿನ ರಾಶಿಯನ್ನು ಹರಸುತ್ತಾರೆ, ಸುತ್ತಲಿನ ಜನ ಚೀಲ ಹಿಡಿದು ಸಾಲು ನಿಲ್ಲುತ್ತಾರೆ. ದೊಡ್ಡವರಿಗೆ ಒಂದು ಗ್ಯಾಲನ್, ಮಕ್ಕಳಿಗೆ ಅರ್ಧ. ಪದವಿಯಾಗಲಿ ಮೊಕದ್ದಮೆಯಾಗಲಿ ಈ ಹೆಸರಿಗೆ ತರಲಾರದ ಗೌರವವನ್ನು ತಂದಿರುವುದು ಈ ಹಿಟ್ಟೇ.